ಕಮ್ಮಿ ಮಾಡಿ ಅಂದರೆ ಬಿಟ್ಟೇಬಿಟ್ಟಿರಲ್ಲ!

ಪ್ರಶ್ನೆ: ನನಗೆ 38 ವರ್ಷ. ಹಾಸನದ ಹತ್ತಿರ ಪ್ರೈಮರಿ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಐದೂವರೆಗೆ ಅತ್ತೆ ಕೈಗೆ ಕೊಡುವ ಲೋಟದಿಂದ ಹಿಡಿದು ರಾತ್ರಿ ಅಡುಗೆ ಹೊತ್ತಿನವರೆಗೆ ಐದಾರು ಲೋಟ ಫಿಲ್ಟರ್ ಕಾಫಿ ಕುಡಿಯುತ್ತೇನೆ. ಸುಸ್ತು ಅಂತ ಹೋದಾಗ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ 9 ಇದೆ, ನಿದ್ದೆಯೂ ಸರಿಯಿಲ್ಲ, ಕಾಫಿ ಕಮ್ಮಿ ಮಾಡಿ ಎಂದರು. ಸೋಮವಾರದಿಂದ ಪೂರ್ತಿ ನಿಲ್ಲಿಸಿದೆ. ಮಂಗಳವಾರ ತಲೆ ಸಿಡಿಯತೊಡಗಿತು, ವಾಂತಿ ಬಂದ ಹಾಗಾಯಿತು. ಹೋಂವರ್ಕ್ ವಿಷಯಕ್ಕೆ ಮಗನಿಗೆ ಹೊಡೆದುಬಿಟ್ಟೆ. ಬುಧವಾರ ತಡೆಯಲಾಗದೆ ಕಾಫಿ ಕುಡಿದೆ, ಸ್ವಲ್ಪ ಹೊತ್ತಿಗೆ ಎಲ್ಲ ಮಾಯ! ಯಜಮಾನರು ‘ನನ್ನ ಸಿಗರೇಟಿಗೆ ಬಯ್ತೀಯಲ್ಲ, ನಿಂದೇನು?’ ಎಂದು ನಗುತ್ತಾರೆ. ಅತ್ತೆ ‘ನನ್ನ ಕೈ ಕಾಫಿ ಸೇರಲ್ಲ ಅಂತ ನೇರವಾಗಿ ಹೇಳಬಾರದಾ’ ಎಂದು ಮುಖ ಊದಿಸಿಕೊಂಡಿದ್ದಾರೆ. ನನಗೆ ಚಟ ಹತ್ತಿದೆಯೇ? ನನ್ನ ಮನಸ್ಸು ಅಷ್ಟು ದುರ್ಬಲವೇ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಡಾಕ್ಟರ್ ಹೇಳಿದ್ದು ಕಮ್ಮಿ ಮಾಡಿ ಅಂತ. ನೀವು ಬಿಟ್ಟೇಬಿಟ್ಟಿರಿ. ದಿನಕ್ಕೆ ಆರು ಲೋಟ ಕುಡಿಯುವವರು ಒಂದೇ ದಿನಕ್ಕೆ ಸೊನ್ನೆಗೆ ಇಳಿದರೆ ಯಾರ ತಲೆಯಾದರೂ ಸಿಡಿಯುತ್ತದೆ. ಇದಕ್ಕೂ ಮನಸ್ಸಿನ ಬಲಕ್ಕೂ ಸಂಬಂಧವಿಲ್ಲ.

ಒಳಗೆ ನಡೆಯುವುದು ಇಷ್ಟು. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ತನ್ನ ಜಾಗದಲ್ಲಿ ಕೂತರೆ ನಮಗೆ ತೂಕಡಿಕೆ. ಕಾಫಿಯ ಕೆಫೀನ್ ಆ ಜಾಗವನ್ನು ತಾನು ಹಿಡಿದುಕೊಳ್ಳುತ್ತದೆ, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ ಹಾಗೆ. ದಿನಾ ಹೀಗೇ ಆದರೆ ಮಿದುಳು ಸೀಟುಗಳನ್ನೇ ಜಾಸ್ತಿ ಮಾಡಿಕೊಳ್ಳುತ್ತದೆ. ಇದ್ದಕ್ಕಿದ್ದ ಹಾಗೆ ಕಾಫಿ ನಿಂತಾಗ ಅಷ್ಟೂ ಸೀಟಿಗೆ ಅಡೆನೊಸಿನ್ ನುಗ್ಗುತ್ತದೆ. ಕೆಫೀನಿನಿಂದ ಬಿಗಿದುಕೊಂಡಿದ್ದ ತಲೆಯ ರಕ್ತನಾಳಗಳು ಹಿಗ್ಗುತ್ತವೆ. ತಲೆನೋವು, ಮಂಪರು, ಸಿಡುಕು, ವಾಂತಿ ಬಂದ ಹಾಗಾಗುವುದು ಎಲ್ಲ ಇದರದೇ ಕೆಲಸ. ಭಾನುವಾರ ತಡವಾಗಿ ಎದ್ದಾಗ, ಉಪವಾಸದ ದಿನ, ಮದುವೆಮನೆಯಲ್ಲಿ ಕಾಫಿ ಸಿಗುವುದು ತಡವಾದಾಗ ನಿಮಗೆ ತಲೆ ಹಿಡಿಯುತ್ತಿತ್ತು, ಅಲ್ವಾ? ಅದೂ ಇದೇ.

ಕೊನೆಯ ಲೋಟ ಕುಡಿದ 12ರಿಂದ 24 ಗಂಟೆಯೊಳಗೆ ಈ ಸಂಕಟ ಶುರುವಾಗುತ್ತದೆ. ಒಂದೆರಡು ದಿನಕ್ಕೆ ಜೋರಾಗುತ್ತದೆ. ಹೆಚ್ಚೆಂದರೆ ಒಂಬತ್ತು ದಿನದಲ್ಲಿ ಇಳಿಯುತ್ತದೆ. ನೀವು ಸೋತೆ ಅಂದುಕೊಂಡಿರುವ ಬುಧವಾರ ಅದು ಇನ್ನೂ ಜೋರಾಗಿಯೇ ಇರುವ ಹೊತ್ತು.

ಚಟವೇ ಎಂದು ಕೇಳಿದ್ದೀರಿ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯಲ್ಲಿ ಕಾಫಿ ಬಿಟ್ಟಾಗಿನ ಸಂಕಟಕ್ಕೆ ಜಾಗವಿದೆ. ಕಾಫಿ ಚಟವನ್ನು ಮಾತ್ರ ಕಾಯಿಲೆಗಳ ಪಟ್ಟಿಗೆ ಸೇರಿಸದೆ, ಇನ್ನೂ ಅಧ್ಯಯನ ಆಗಲಿ ಎಂದು ಬದಿಗಿಟ್ಟಿದ್ದಾರೆ. ದೇಹಕ್ಕೆ ಅಭ್ಯಾಸವಾಗಿದೆ, ಅಷ್ಟೇ. ಯಜಮಾನರಿಗೂ ಒಂದು ಉತ್ತರ ಕೊಡಿ. ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂವರೆಗಿನ ಕೆಫೀನಿನಿಂದ ಸಾಮಾನ್ಯವಾಗಿ ತೊಂದರೆಯಿಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಹೇಳುತ್ತದೆ. ದಿನಕ್ಕೆ ಇಷ್ಟು ಸಿಗರೇಟಿನಿಂದ ತೊಂದರೆಯಿಲ್ಲ ಎಂದು ಯಾವ ಇಲಾಖೆ ಹೇಳಿದೆಯಂತೆ, ಕೇಳಿ ನೋಡಿ.

ಈಗ ಅತ್ತೆಯ ವಿಷಯ. ನನಗೆ ತಲೆನೋವಿಗಿಂತ ಇದೇ ದೊಡ್ಡದಾಗಿ ಕಂಡಿತು. ರಕ್ತ ಕಮ್ಮಿಯಿದೆ ಅನ್ನುವುದನ್ನು ಅವರಿಗೆ ಹೇಳಿದ್ದೀರಾ? ಪತ್ರದಲ್ಲಿ ಎಲ್ಲೂ ಕಾಣಲಿಲ್ಲ. ಹೇಳದೆ ಒಂದು ಬೆಳಿಗ್ಗೆ ಸುಮ್ನೆ ಲೋಟ ವಾಪಸ್ ಕೊಟ್ಟಿದ್ದರೆ ಅವರು ಬೇರೇನು ತಿಳಿಯಬೇಕು? ಐದು ಗಂಟೆಗೆ ಎದ್ದು ಹಾಲು ಕಾಯಿಸಿ ಡಿಕಾಕ್ಷನ್ ಬೆರೆಸುವವರು ಅವರು. ಆಮೇಲೆ ನೀವೆಲ್ಲ ನಿಮ್ಮ ನಿಮ್ಮ ಕೆಲಸಕ್ಕೆ ಹೊರಟುಬಿಡುತ್ತೀರಿ. ಸೊಸೆಯ ಜತೆ ಅಡುಗೆಮನೆಯಲ್ಲಿ ನಿಂತು ಎರಡು ಮಾತಾಡಲು ಅವರಿಗೆ ಸಿಗುವ ಹೊತ್ತು ಅದೊಂದೇ ಇರಬಹುದು ಎಂದು ನನ್ನ ಊಹೆ. ರಿಪೋರ್ಟ್ ತೋರಿಸಿ. ‘ಅತ್ತೆ, ಬೆಳಿಗ್ಗೆ ಕಾಫಿ ನಿಮ್ಮ ಕೈದೇ, ಅದನ್ನ ಬಿಡಲ್ಲ. ಸಂಜೆಗೆ ಮಾತ್ರ ಕಷಾಯ ಮಾಡಿಕೊಡ್ತೀರಾ?’ ಎಂದು ಕೇಳಿ. ಕೊತ್ತಂಬರಿ ಬೀಜ, ಜೀರಿಗೆ, ಎರಡು ಕಾಳುಮೆಣಸು ಹುರಿದು ಪುಡಿ ಮಾಡುವುದು ಅವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಬೆಲ್ಲ, ಬಿಸಿ ಹಾಲು ಹಾಕಿ ಅದೇ ಸ್ಟೀಲ್ ಲೋಟದಲ್ಲಿ ಕುಡಿಯಿರಿ. ಕೈಗೆ ಬಿಸಿ ಲೋಟ ಸಿಕ್ಕರೆ ಕಾಫಿಯ ಆಸೆ ಅರ್ಧ ಇಳಿಯುತ್ತದೆ.

ಮೊದಲು ಹೋಗಬೇಕಾದ್ದು ರಾತ್ರಿಯ ಲೋಟ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಏಳು ಗಂಟೆಗೆ ಕುಡಿದರೆ ಹನ್ನೆರಡಕ್ಕೂ ಅರ್ಧ ಒಳಗೇ ಇರುತ್ತದೆ, ನಿದ್ದೆ ಎಲ್ಲಿಂದ ಬರಬೇಕು? ನಾಲ್ಕೈದು ದಿನ ಬಿಟ್ಟು ಮತ್ತೊಂದು ಲೋಟ ಕಳೆಯಿರಿ. ಸ್ಟಾಫ್ ರೂಮಿನಲ್ಲಿ ಯಾರಾದರೂ ಜತೆಗೆ ಸಿಕ್ಕರೆ ಬೈಟು ಮಾಡಿ. ಕಾಫಿ ಬದಲು ಟೀ ಅಂದುಕೊಳ್ಳಬೇಡಿ, ಅದರಲ್ಲೂ ಕೆಫೀನ್ ಇದೆ. ಪುಡಿಯಲ್ಲೂ ಒಂದು ಉಪಾಯವಿದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಇರುತ್ತದೆ. ಪುಡಿ ಅಂಗಡಿಯಲ್ಲಿ ರೊಬಸ್ಟಾ ಬೇಡ, ಅರೇಬಿಕಾ ಹಾಕಿ, ಚಿಕೋರಿ ಸ್ವಲ್ಪ ಜಾಸ್ತಿ ಇರಲಿ ಎಂದರೆ ಹಾಗೇ ಬೆರೆಸಿಕೊಡುತ್ತಾರೆ. ಅತ್ತೆಗೆ ಹೇಳದೆ ಮಾತ್ರ ಈ ಕೆಲಸ ಮಾಡಬೇಡಿ. ಮೊದಲ ಗುಟುಕಿಗೇ ಸಿಕ್ಕಿಬೀಳುತ್ತೀರಿ.

ಮಧ್ಯೆ ಯಾವತ್ತಾದರೂ ತಲೆ ತೀರಾ ಸಿಡಿದರೆ ಕಾಲು ಲೋಟ ಕುಡಿದುಬಿಡಿ, ಪರವಾಗಿಲ್ಲ. ಮಾತ್ರೆ ನುಂಗುವುದಾದರೆ ಪಟ್ಟಿಯ ಹಿಂಭಾಗ ಓದಿ. ಕೆಲವು ತಲೆನೋವಿನ ಮಾತ್ರೆಗಳಲ್ಲೇ ಕೆಫೀನ್ ಇರುತ್ತದೆ. ಹತ್ತು ದಿನ ದಾಟಿದರೂ ನೋವು ಹೋಗದಿದ್ದರೆ, ಜ್ವರ ಬಂದರೆ, ಕಣ್ಣು ಮಂಜಾದರೆ, ಹಿಂದೆಂದೂ ಇಲ್ಲದಂಥ ನೋವು ಒಮ್ಮೆಲೇ ಬಂದರೆ ಅದನ್ನು ಕಾಫಿಯ ತಲೆಗೆ ಕಟ್ಟದೆ ಡಾಕ್ಟರ್ ಹತ್ತಿರ ಹೋಗಿ.

ಮಗನ ಹತ್ತಿರ ಕೂತು ‘ಅವತ್ತು ಅಮ್ಮಂಗೆ ತುಂಬಾ ತಲೆ ನೋಯ್ತಿತ್ತು, ಆದರೂ ನಾನು ಹೊಡೆದದ್ದು ತಪ್ಪು’ ಎಂದು ಹೇಳಿ. ಅಷ್ಟು ಸಾಕು, ಉದ್ದ ಮಾಡಬೇಡಿ.

ಕೊನೆಗೆ, ಹಿಮೋಗ್ಲೋಬಿನ್. ಊಟ ತಿಂಡಿಯ ಜತೆ ಕಾಫಿ ಕುಡಿದರೆ ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಊಟಕ್ಕೂ ಕಾಫಿಗೂ ಒಂದು ಗಂಟೆಯಾದರೂ ಅಂತರವಿರಲಿ. ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ಅದನ್ನು ಕಾಫಿ, ಹಾಲಿನ ಜತೆ ನುಂಗಬೇಡಿ, ನಿಂಬೆರಸದ ನೀರಿನ ಜತೆ ತೆಗೆದುಕೊಳ್ಳಿ. ಆದರೆ 9ಕ್ಕೆ ಇಳಿಯಲು ಕಾಫಿಯೊಂದೇ ಕಾರಣ ಇರಲಾರದು. ಈ ವಯಸ್ಸಿನಲ್ಲಿ ಎಷ್ಟೋ ಹೆಂಗಸರಿಗೆ ಮುಟ್ಟಿನಲ್ಲಿ ರಕ್ತಸ್ರಾವ ಜಾಸ್ತಿಯಾಗಿರುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಿಮಗೂ ಹಾಗಿದ್ದರೆ ಮುಂದಿನ ಸಲ ಹೋದಾಗ ಡಾಕ್ಟರ್ ಕೇಳಲಿ ಎಂದು ಕಾಯದೆ ನೀವೇ ಹೇಳಿ.