ಪದಪಟ್ಟಿ ಹಿಡಿದು ಸನ್ನೆಭಾಷೆಯನ್ನು ಅಳೆಯಬಹುದೇ?

ಪ್ರಶ್ನೆ: ನಾನು ಹಾಸನದಲ್ಲಿ ಎಂ.ಎ. ಓದುತ್ತಿದ್ದೇನೆ. ಹಾಸನ, ಬೇಲೂರು, ಸಕಲೇಶಪುರ ತಾಲ್ಲೂಕುಗಳ ಕಿವುಡರು ಬಳಸುವುದು ಒಂದೇ ಸನ್ನೆಭಾಷೆಯೇ ಎಂದು ತಿಳಿಯಬೇಕಿದೆ. ಉಪಭಾಷೆಗಳ ಸಮೀಕ್ಷೆಗೆ ಬಳಸುವ 100 ಪದಗಳ ಪಟ್ಟಿ ಸಾಕೇ? ತಾಲ್ಲೂಕಿಗೆ ಹತ್ತು ಮಂದಿಯನ್ನು ಮಾತನಾಡಿಸುವ ಯೋಚನೆಯಿದೆ.

ಉತ್ತರ: ಪಟ್ಟಿಯನ್ನು ಇದ್ದ ಹಾಗೆಯೇ ಬಳಸಬೇಡಿ. ಭಾಷೆಗಳ ನೆಂಟಸ್ತಿಕೆ ಅಳೆಯಲು ಭಾಷಾವಿಜ್ಞಾನಿ ಮಾರಿಸ್ ಸ್ವದೇಶ್ ಮಾಡಿದ ಈ ಪಟ್ಟಿಯಲ್ಲಿ ಕಣ್ಣು, ಮೂಗು, ನಾನು, ನೀನು ಮುಂತಾದ ಪದಗಳಿವೆ. ಆಡುನುಡಿಯಲ್ಲಿ ಇವು ಬೇಗ ಬದಲಾಗವು ಎಂಬ ಕಾರಣಕ್ಕೇ ಅವುಗಳಿಗೆ ಬೆಲೆ. ಸನ್ನೆಯಲ್ಲಾದರೋ ಇವನ್ನು ಸಾಮಾನ್ಯವಾಗಿ ಬೆರಳು ಮಾಡಿಯೇ ತೋರಿಸುವುದರಿಂದ, ಇವನ್ನೂ ಲೆಕ್ಕಕ್ಕೆ ಹಿಡಿದರೆ ನೆಂಟಸ್ತಿಕೆಯೇ ಇಲ್ಲದ ಎರಡು ಭಾಷೆಗಳು ದಾಯಾದಿಗಳಂತೆ ಕಾಣುತ್ತವೆ. ಸನ್ನೆಭಾಷೆಗಳ ಸಂಶೋಧಕ ಜೇಮ್ಸ್ ವುಡ್‌ವರ್ಡ್ ಅವರು ಇಂತಹ ಪದಗಳನ್ನು ಕೈಬಿಟ್ಟು ಸನ್ನೆಭಾಷೆಗಳಿಗೆಂದೇ ಪಟ್ಟಿಯನ್ನು ಮಾರ್ಪಡಿಸಿದ್ದು ಇದಕ್ಕಾಗಿಯೇ. 1970ರ ದಶಕದಲ್ಲಿ ಮದನ್ ವಸಿಷ್ಠ ಅವರೊಡನೆ ದೆಹಲಿ, ಕಲ್ಕತ್ತಾ, ಬೊಂಬಾಯಿ, ಬೆಂಗಳೂರುಗಳ ಸನ್ನೆಗಳನ್ನು ಅಧ್ಯಯನ ಮಾಡಿದವರಲ್ಲಿ ವುಡ್‌ವರ್ಡ್ ಅವರೂ ಒಬ್ಬರು.

ಪದವನ್ನು ಕನ್ನಡದಲ್ಲಿ ಬರೆದು ತೋರಿಸುವುದೂ ಬೇಡ. ಓದಿದವರು ಅಕ್ಷರಗಳನ್ನೇ ಬೆರಳಿನಲ್ಲಿ ತೋರಿಸಬಹುದು, ಶಾಲೆ ಕಾಣದವರು ಸುಮ್ಮನಾಗಬಹುದು. ಚಿತ್ರ ಮೇಲು, ಆದರೆ ಅದೂ ಮೋಸ ಮಾಡುತ್ತದೆ. ಹಣ್ಣು ತುಂಬಿದ ಕಾಫಿ ಗಿಡದ ಚಿತ್ರ ನೋಡಿ ತೋಟದ ಕೆಲಸದವರು ಕೊಂಬೆ ಬಗ್ಗಿಸಿ ಹಣ್ಣು ಬಿಡಿಸುವಂತೆ ಕೈಯಾಡಿಸಿ, ಪೇಟೆಯವರು ಲೋಟ ತುಟಿಗೆ ತಂದಂತೆ ಮಾಡಿದರೆ, ಅದು ಭಾಷೆಯ ಭೇದವಲ್ಲ, ನಿಮ್ಮ ಚಿತ್ರದ ದೋಷ. ಸಿಕ್ಕ ಸನ್ನೆಗಳನ್ನು ಹೋಲಿಸುವಾಗ, 1960ರಲ್ಲಿ ಸನ್ನೆಭಾಷೆಯ ವಿದ್ವಾಂಸ ವಿಲಿಯಂ ಸ್ಟೋಕೀ ಗುರುತಿಸಿದ ಕೈಯ ಆಕಾರ, ಸ್ಥಾನ, ಚಲನೆ ಮತ್ತು ಆಮೇಲೆ ಸೇರಿದ ಅಂಗೈಯ ದಿಕ್ಕು, ಇವು ನಾಲ್ಕನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ.

ನನ್ನ ಹೆಚ್ಚಿನ ತಕರಾರು ತಾಲ್ಲೂಕಿನ ಲೆಕ್ಕದ ಬಗ್ಗೆ. ಕನ್ನಡದ ಮಗು ಮನೆಯಲ್ಲಿ ಮಾತು ಕಲಿಯುತ್ತದೆ. ಕಿವುಡ ಮಕ್ಕಳಲ್ಲಿ ಹೆಚ್ಚಿನವರ ತಂದೆತಾಯಿಗೆ ಕಿವಿ ಕೇಳುವುದರಿಂದ ಅವರು ಸನ್ನೆಭಾಷೆಯನ್ನು ಕಲಿಯುವುದು ಶಾಲೆಯ ಹಾಸ್ಟೆಲಿನಲ್ಲಿ, ಹಿರಿಯ ಮಕ್ಕಳಿಂದ. ಬೇಲೂರಿನ ಒಂದೇ ಬೀದಿಯ ಇಬ್ಬರು ಬೇರೆ ಬೇರೆ ಶಾಲೆಗಳಲ್ಲಿ ಓದಿದ್ದರೆ ಅವರ ಸನ್ನೆಗಳು ಬೇರೆಯಾಗಿರಬಹುದು. ಆದ್ದರಿಂದ ಊರಿಗಿಂತ ಮೊದಲು ಓದಿದ ಶಾಲೆ, ಬಿಟ್ಟ ವರ್ಷ, ಈಗಿನ ಒಡನಾಟ ಇವನ್ನು ಕೇಳಿ ಗುಂಪು ಮಾಡಿಕೊಳ್ಳಿ. ಶಾಲೆಗೇ ಹೋಗದೆ ಮನೆಯವರೊಡನೆ ಮಾತ್ರ ಸನ್ನೆ ಮಾಡುತ್ತ ಬೆಳೆದವರ ದಾಖಲೆ ಪ್ರತ್ಯೇಕವಾಗಿರಲಿ. (ಚಿಕ್ಕಬಳ್ಳಾಪುರ ಜಿಲ್ಲೆಯ ಅಲಿಪುರದಂತೆ ಊರಿಗೇ ತನ್ನದೊಂದು ಸನ್ನೆಭಾಷೆ ಇರುವುದು ಅಪರೂಪ.)

ಪ್ರಶ್ನೆ ಕೇಳುವವರೂ ಕಿವುಡರೇ ಆಗಿರಬೇಕು. ಕಿವಿ ಕೇಳುವ ನಿಮ್ಮೆದುರು ಅವರು ನಿಮಗೆ ತಿಳಿಯಲಿ ಎಂದು ಸನ್ನೆಯನ್ನು ಸರಳಗೊಳಿಸುತ್ತಾರೆ, ಕನ್ನಡದ ವಾಕ್ಯಕ್ರಮಕ್ಕೆ ಹೊಂದಿಸುತ್ತಾರೆ. ಕೊನೆಗೆ ನೀವು ಅಳೆಯುವುದು ಆ ಸೌಜನ್ಯವನ್ನೇ. ಪರಸ್ಪರ ಅರ್ಥವಾಗುವುದೇ ಎಂದು ನೋಡಲು ಒಂದು ಗುಂಪಿನವರ ಅನುಭವಕಥನವನ್ನು ವಿಡಿಯೊ ಮಾಡಿ, ಇನ್ನೊಂದು ಗುಂಪಿನವರು ಅದನ್ನು ತಮ್ಮ ಸನ್ನೆಯಲ್ಲಿ ಮರಳಿ ಹೇಳುವಂತೆ ಮಾಡಿ. ಹುಬ್ಬಿನ ಚಲನೆಯೂ ವ್ಯಾಕರಣವೇ ಆದ್ದರಿಂದ ಚೌಕಟ್ಟಿನಲ್ಲಿ ಮುಖ, ಕೈಗಳೆರಡೂ ಸ್ಪಷ್ಟವಾಗಿರಬೇಕು. ಮುಖವನ್ನು ಮಸುಕು ಮಾಡಿದರೆ ಭಾಷೆಯೂ ಮಸುಕಾಗುತ್ತದೆ. ಹೀಗಾಗಿ ವಿಡಿಯೊವನ್ನು ಯಾರು ನೋಡುತ್ತಾರೆಂಬುದನ್ನು ಸನ್ನೆಯಲ್ಲೇ ವಿವರಿಸಿ, ಅವರ ಒಪ್ಪಿಗೆಯನ್ನೂ ಸನ್ನೆಯಲ್ಲೇ ಚಿತ್ರೀಕರಿಸಿಕೊಳ್ಳಿ.