ಊರ ಇತಿಹಾಸದ ಫಲಕ ಹೇಗಿರಬೇಕು?

ಪ್ರಶ್ನೆ: ಗದಗಿನ ಗುಡಿಗಳ ಹಾದಿಯಲ್ಲಿ ನಮ್ಮ ಓಣಿಯ ಸಂಘದವರು ಹಾಕಿಸಿದ್ದ ಫ್ಲೆಕ್ಸ್ ಫಲಕ ಎರಡು ಬೇಸಿಗೆಗೇ ಬಣ್ಣಗೆಟ್ಟಿತು. ಈ ಸಲ ಬಾಳಿಕೆ ಬರುವಂತೆ ಮಾಡಿಸುವುದು ಹೇಗೆ?
– ಓದುಗರೊಬ್ಬರು, ಗದಗ

ಉತ್ತರ: ಬಿಸಿಲಿಗೆ ಮೊದಲು ಮಾಸುವುದು ಕೆಂಪು ಮತ್ತು ಹಳದಿ, ಆದ್ದರಿಂದ ಮುದ್ರಿಸಿದ ಹಾಳೆಯ ಬದಲು ಕಲ್ಲಿನಲ್ಲಿ ಕೊರೆದ ಅಥವಾ ಲೋಹದ ತಗಡಿನ ಮೇಲೆ ಎನಾಮಲ್ ಸುಟ್ಟು ಕೂರಿಸಿದ ಅಕ್ಷರಗಳನ್ನು ಆರಿಸಿಕೊಳ್ಳಿ. ಹೊಳಪಿನ ಮೈ ಬೇಡ, ಮಧ್ಯಾಹ್ನದ ಬಿಸಿಲಿನಲ್ಲಿ ಅದು ಕಣ್ಣು ಕುಕ್ಕುತ್ತದೆ. ಹತ್ತು ಅಡಿ ದೂರದಿಂದ ಓದಬೇಕಾದ ಶೀರ್ಷಿಕೆಗೆ ಕನಿಷ್ಠ ಒಂದು ಅಂಗುಲದ ಅಕ್ಷರ ಬೇಕು. ಕನ್ನಡದ ಒತ್ತಕ್ಷರಗಳು ಕೆಳಸಾಲಿಗೆ ತಾಗುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು, ಇಲ್ಲವಾದರೆ 'ತ್ರಿಕೂಟೇಶ್ವರ'ದ ವತ್ತು ಕೆಳಗಿನ ಸಾಲಿನ ಗುಡಿಸಿಗೆ ಸಿಕ್ಕಿಕೊಳ್ಳುತ್ತದೆ.

ಬರಹದ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಕುಮಾರವ್ಯಾಸನು ವೀರನಾರಾಯಣ ಗುಡಿಯ ಕಂಬದ ಬಳಿ ಕುಳಿತು ಭಾರತ ರಚಿಸಿದನೆಂಬುದು ಪ್ರತೀತಿ, ಹಾಗೆಂದೇ ಬರೆಯಿರಿ. ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಸ್ಥಾಪನೆಯಾದದ್ದು ದಾಖಲೆಯ ಮಾತು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದರೆ ಓದುಗನು ದಾಖಲೆಯನ್ನೂ ಕಥೆಯೆಂದೇ ತಿಳಿದಾನು. ಸರಸ್ವತಿ ಗುಡಿಯ ಎದುರು ನಿಂತವನಿಗೆ ರಾಜವಂಶಗಳ ಪಟ್ಟಿಗಿಂತ, ಅಲ್ಲಿನ ಕಂಬಗಳ ಕುಸುರಿಯಲ್ಲಿ ಏನನ್ನು ನೋಡಬೇಕೆಂಬ ನಾಲ್ಕು ಸಾಲು ಸಾಕು. (ಉದ್ಘಾಟಕರ ಹೆಸರು ಊರಿನ ಹೆಸರಿಗಿಂತ ದೊಡ್ಡದಾಗದಿರಲಿ.)

ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ವಲಯವಾದ್ದರಿಂದ, ಕಂಬ ನೆಡಲು ಕುಣಿ ತೋಡುವ ಮೊದಲೇ ಪುರಾತತ್ವ ಇಲಾಖೆಯನ್ನು ಲಿಖಿತವಾಗಿ ಕೇಳಿ.