ಬಂದು ಉಳಿದವರೂ ಅತಿಥಿಗಳೇ?

ಪ್ರಶ್ನೆ: ನಮ್ಮ ಸುತ್ತಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಂ ಕಡೆಯಿಂದ ಬಂದ ಕೆಲವು ಕುಟುಂಬಗಳು ನೆಲೆಸಿವೆ. ಜಾತ್ರೆಯ ಅನ್ನಸಂತರ್ಪಣೆಯಲ್ಲಿ ಅವರನ್ನು ಪಂಕ್ತಿಗೆ ಕೂರಿಸುವುದು ಬೇಡವೆಂದು ಊರಿನ ಕೆಲವು ಹಿರಿಯರು ಹೇಳುತ್ತಾರೆ. ನಾನು ‘ಅತಿಥಿ ದೇವೋ ಭವ’ ಎಂದಾಗ, ‘ಅದು ಬಂದು ಹೋಗುವವರಿಗೆ ಹೇಳಿದ್ದು, ಬಂದು ಉಳಿದವರಿಗಲ್ಲ’ ಎಂದರು. ಧರ್ಮ ಏನು ಹೇಳುತ್ತದೆ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಹಿರಿಯರ ಮಾತನ್ನು ತಳ್ಳಿಹಾಕುವಂತಿಲ್ಲ. ತೈತ್ತಿರೀಯ ಉಪನಿಷತ್ತಿನ ಆ ವಾಕ್ಯ, ವಿದ್ಯೆ ಮುಗಿಸಿ ಹೊರಟ ಶಿಷ್ಯನಿಗೆ ಗುರು ಹೇಳುವ ಗೃಹಸ್ಥಧರ್ಮ. ಮನುಸ್ಮೃತಿಯಂತೂ ಒಂದು ರಾತ್ರಿ ತಂಗುವವನನ್ನೇ ಅತಿಥಿ ಎಂದು ಕರೆಯುತ್ತದೆ. ವರ್ಷಗಟ್ಟಲೆ ತೋಟದಲ್ಲಿ ದುಡಿಯುವವರ ಪರವಾಗಿ ಈ ಒಂದು ವಾಕ್ಯವನ್ನೇ ನೆಚ್ಚಿಕೊಂಡರೆ ನಿಮ್ಮ ವಾದ ಕುಂಟುತ್ತದೆ. ನೀವು ಹಿಡಿಯಬೇಕಾದದ್ದು ಬಸವಣ್ಣನವರ ‘ಇವನಾರವ’ ವಚನವನ್ನು.

ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದ್ದರಿಂದಲೋ ಏನೋ, ಅದರ ಕ್ರಿಯಾಪದ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅಲ್ಲಿರುವುದು ‘ಎನ್ನದಿರಿ’ ಎಂಬ ಉಪದೇಶವಲ್ಲ, ‘ಎಂದೆನಿಸದಿರಯ್ಯಾ’ ಎಂಬ ಬೇಡಿಕೆ. ‘ಇವನು ಯಾರವನು’ ಎಂದು ಜನರಿಂದ ಅನ್ನಿಸಿಕೊಳ್ಳುವ ಪಾಡು ನನಗೆ ಬೇಡ, ನಿಮ್ಮ ಮನೆಯ ಮಗನೆನಿಸು ಎಂದು ಕೂಡಲಸಂಗಮನನ್ನು ಕೇಳುತ್ತಿರುವವನು ಹೊಸ್ತಿಲ ಹೊರಗೆ ನಿಂತವನು. ಬಾಗೇವಾಡಿಯನ್ನು ಬಿಟ್ಟು, ಕೂಡಲಸಂಗಮದಲ್ಲಿ ಬೆಳೆದು, ಕಲ್ಯಾಣಕ್ಕೆ ಬಂದು ಬಿಜ್ಜಳನ ಭಂಡಾರಿಯಾದ ಬಸವಣ್ಣನವರು ಮನೆಯೊಡೆಯನ ಜಾಗದಲ್ಲಿ ನಿಂತು ಮಾತನಾಡದೆ ಬಂದವನ ಜಾಗದಲ್ಲಿ ನಿಂತಿದ್ದಾರೆ. ಬೈಬಲ್ಲಿನ ಯಾಜಕಕಾಂಡದ 19ನೆಯ ಅಧ್ಯಾಯದ ತರ್ಕವೂ ಇದೇ: ನಿಮ್ಮ ನಡುವೆ ನೆಲೆಸಿದ ಪರದೇಶಿಯನ್ನು ನಿಮ್ಮಲ್ಲೇ ಹುಟ್ಟಿದವನಂತೆ ಕಾಣಿರಿ, ಏಕೆಂದರೆ ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ನೀವೂ ಪರದೇಶಿಗಳಾಗಿದ್ದಿರಿ. ಅದು ಹೇಳಿರುವುದು ನೆಲೆಸಿದವನ ಬಗ್ಗೆ, ಒಂದು ರಾತ್ರಿಯ ಅತಿಥಿಯ ಬಗ್ಗೆಯಲ್ಲ.

ಇನ್ನು, ಬಂದವರು ನಮ್ಮ ಅನ್ನಕ್ಕೆ ಬಾಯಿ ಹಾಕುತ್ತಾರೆಂಬ ಮಾತಿಗೆ ಮೋಳಿಗೆಯ ಮಾರಯ್ಯನವರ ಕಥೆಯೇ ಉತ್ತರ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಹೆಂಡತಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದ ಅವರು ಕಾಡಿನಿಂದ ಕಟ್ಟಿಗೆಯ ಹೊರೆ ಹೊತ್ತು ತಂದು ಮಾರಿ ದಾಸೋಹ ನಡೆಸುತ್ತಿದ್ದರೆಂದು ಪರಂಪರೆ ಹೇಳುತ್ತದೆ. ಬಸವಣ್ಣನವರು ಗುಟ್ಟಾಗಿ ಇಟ್ಟುಹೋದ ಹೊನ್ನನ್ನೂ ತಮಗೆಂದು ಉಳಿಸಿಕೊಳ್ಳದೆ ಜಂಗಮರಿಗೆ ಕೊಟ್ಟರಂತೆ. ನಿಮ್ಮ ತೋಟದವರೂ ಕಾಯಕದವರೇ. ಅವರು ಕೊಯ್ದ ಹಣ್ಣು ಕಣಕ್ಕೆ ಬರುವಾಗ ಅದನ್ನು ಯಾರೂ ಹೊರಗಿನದೆಂದು ಬೇರೆ ಇಡುವುದಿಲ್ಲವಲ್ಲ!

ಯಾರಿಗೆ ದೇಶದೊಳಗೆ ಪ್ರವೇಶ ಕೊಡಬೇಕು, ಯಾರ ಕಾಗದಪತ್ರ ಸರಿಯಿದೆ ಎಂಬುದನ್ನು ಸರ್ಕಾರ ನೋಡಿಕೊಳ್ಳುತ್ತದೆ. 1960ರ ದಶಕದಲ್ಲಿ ಬೈಲುಕುಪ್ಪೆ, ಮುಂಡಗೋಡಗಳಲ್ಲಿ ಟಿಬೆಟಿಯನ್ನರಿಗೆ ಭೂಮಿ ಕೊಟ್ಟದ್ದೂ ಸರ್ಕಾರವೇ. ಆದರೆ ಊರಿನ ಪಂಕ್ತಿ ಊರವರದು, ಅದರ ಹೊಣೆಯೂ ಅವರದೇ. ಬಂದವರನ್ನು ಕ್ಷೇಮ ವಿಚಾರಿಸಿದರೆ ನಿಮ್ಮ ಸಿರಿ ಹಾರಿಹೋಗುವುದೇ ಎನ್ನುವ ಇನ್ನೊಂದು ವಚನದಲ್ಲಿ ಬಸವಣ್ಣನವರು ‘ಕುಳ್ಳಿರೆಂದರೆ ನೆಲ ಕುಳಿಹೋಹುದೆ’ ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ನಿಮ್ಮ ಹಿರಿಯರ ಮುಂದಿಡಿ. ಮುಂದಿನ ಜಾತ್ರೆಯಲ್ಲಿ ಲೈನ್ ಮನೆಯವರನ್ನು ಉಣ್ಣಲು ಮಾತ್ರವಲ್ಲದೆ, ಸೌಟು ಹಿಡಿದು ಬಡಿಸುವುದಕ್ಕೂ ಕರೆಯಿರಿ.